ಹಿಮವಿಲ್ಲದ ನಾಡಿನ ಕೋಟೆಗಳು

ಕೋಟೆ ಎಂದ ಕೂಡಲೆ ಇಂದಿನ ಮಕ್ಕಳ ಕಣ್ಣ ಮುಂದೆ ಬಂದು ನಿಲ್ಲುವುದು ಹಿಮ ಕವಿದ ಬೆಟ್ಟದ ತಪ್ಪಲಿನಲ್ಲಿ ಬೆಳ್ಳಗೆ ಹೊಳೆಯುವ, ಚೂಪು ಗೋಪುರಗಳ ಒಂದು ಅರಮನೆ. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಮೇಲೆ, ಈಗ ಅಂಗೈಯಲ್ಲಿರುವ ಫೋನಿನಲ್ಲಿಯೂ ಅದೇ ಚಿತ್ರ. ಅದರ ಹೆಸರು ನಾಯ್‌ಶ್ವಾನ್‌ಸ್ಟೈನ್. ಇರುವುದು ಜರ್ಮನಿಯ ಬವೇರಿಯ ಪ್ರಾಂತದಲ್ಲಿ, ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ. ಚಳಿಗಾಲದಲ್ಲಿ ಅಲ್ಲಿಗೆ ಹೋಗುವವರು ಹಿಮದ ಹಾದಿಯಲ್ಲಿ ಕಾಲ್ನಡಿಗೆಯಿಂದ ಬೆಟ್ಟ ಏರುತ್ತಾರೆ.

ನೋಡಲು ಪುರಾತನವೆಂದು ತೋರುವ ಈ ಅರಮನೆಯ ವಯಸ್ಸು ಮಾತ್ರ ಅಷ್ಟೇನೂ ಹೆಚ್ಚಲ್ಲ. ಎರಡನೆಯ ಲುಡ್ವಿಗ್ ಎಂಬ ಅರಸ ಇದನ್ನು ಕಟ್ಟಿಸಲು ತೊಡಗಿದ್ದು 1869ರಲ್ಲಿ. 1886ರಲ್ಲಿ ಆತ ತೀರಿಕೊಂಡಾಗಲೂ ಕೆಲಸ ಮುಗಿದಿರಲಿಲ್ಲ. ಒಟ್ಟು ಆರು ತಿಂಗಳ ಕಾಲವೂ ಅವನು ಅದರಲ್ಲಿ ವಾಸಿಸಲಿಲ್ಲ. ನಮ್ಮ ನೆರೆಯ ಗೋಲ್ಕೊಂಡ ಕೋಟೆ ಶತ್ರುವಿನ ಕೈಸೇರಿ ನೂರ ಎಂಬತ್ತು ವರ್ಷಗಳಾದ ಮೇಲೆ ಹುಟ್ಟಿದ ಕೂಸು ಅದು. ಮುತ್ತಿಗೆಯನ್ನು ತಡೆಯಲೆಂದು ಅದನ್ನು ಕಟ್ಟಿದ್ದೇ ಅಲ್ಲ. ಒಬ್ಬ ಅರಸನ ಕನಸು ಕಲ್ಲಾಗಿ ನಿಂತಿದೆ, ಅಷ್ಟೆ.

ಆದರೂ ಆ ಅರಮನೆಯ ವಿಚಾರ ಓದುವಾಗ ನಮ್ಮನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದುಂಟು. ಅದು ಗೋಪುರವಲ್ಲ, ನಲ್ಲಿ! ಆ ಎತ್ತರದ ಕಟ್ಟಡದ ಎಲ್ಲ ಅಂತಸ್ತುಗಳಿಗೂ ನಲ್ಲಿಯ ನೀರು ಬರುತ್ತಿತ್ತು. ಅರಮನೆಗಿಂತ ಸುಮಾರು ಇನ್ನೂರು ಮೀಟರ್ ಮೇಲೆ ಬೆಟ್ಟದಲ್ಲಿ ಒಂದು ಒರತೆ ಇತ್ತಂತೆ. ಕೊಳವೆ ಹಾಕಿದರೆ ಸಾಕು, ನೀರು ತಾನಾಗಿ ಇಳಿದು ಬರುತ್ತಿತ್ತು. ಆಲ್ಪ್ಸ್ ಬೆಟ್ಟಗಳಿಗೆ ಹಿಮವೇ ಹಗೇವು. ಚಳಿಗಾಲದಲ್ಲಿ ತುಂಬಿಟ್ಟುಕೊಂಡದ್ದನ್ನು ಬೇಸಗೆಯಲ್ಲಿ ಕರಗಿಸಿ ಹೊಳೆಗೂ ಹಳ್ಳಕ್ಕೂ ಹಂಚುತ್ತದೆ.

ನಮ್ಮ ದಖ್ಖಣಕ್ಕೆ ಆ ಭಾಗ್ಯವಿಲ್ಲ. ಇಲ್ಲಿ ಮಳೆ ನಾಲ್ಕು ತಿಂಗಳ ಅತಿಥಿ. ಉಳಿದ ಎಂಟು ತಿಂಗಳು ಬಿಸಿಲೇ ಮನೆಯ ಯಜಮಾನ. ಹೀಗಿರಲು, ಒಣ ಬಂಡೆಯ ನೆತ್ತಿಯ ಮೇಲೆ ಸಾವಿರಾರು ಜನರನ್ನೂ ಆನೆ ಕುದುರೆಗಳನ್ನೂ ಇಟ್ಟುಕೊಂಡು ಕೋಟೆ ಕಟ್ಟಿದವರು ನೀರಿಗೆ ಏನು ಮಾಡಿದರು? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಾವು ಕಳೆದ ಚಳಿಗಾಲದಲ್ಲಿ ಎರಡು ಕೋಟೆ ಸುತ್ತಿದೆವು: ನವೆಂಬರಿನಲ್ಲಿ ಗೋಲ್ಕೊಂಡ, ಡಿಸೆಂಬರಿನಲ್ಲಿ ಬೀದರ. ಸರಕಾರಿ ಗುಮಾಸ್ತರಿಗೆ ಸಿಗುವ ರಜಾ ಪ್ರಯಾಣದ ಸವಲತ್ತು ನಮ್ಮನ್ನು ಹಿಮದವರೆಗೂ ಒಯ್ದೀತು, ಆದರೆ ಅದು ಭಾರತದ ಗಡಿಯೊಳಗಿನ ಹಿಮಕ್ಕೆ ಮಾತ್ರ. ಬವೇರಿಯದ ಮಾತು ಮಕ್ಕಳ ಕಾಲಕ್ಕೆ ಇರಲಿ. ಈ ಎರಡು ಕೋಟೆಗಳಿಗಾದರೋ ಸವಲತ್ತೂ ಬೇಡ, ಸಾಲವೂ ಬೇಡ; ಬಸ್ಸಿನ ಚಾರ್ಜು, ಒಂದು ಬುತ್ತಿ, ಗಟ್ಟಿ ಚಪ್ಪಲಿ ಇದ್ದರಾಯಿತು.

ಗೋಲ್ಕೊಂಡ ನಮ್ಮ ಮೆಹದಿಪಟ್ಟಣದಿಂದ ಲಂಗರ್ ಹೌಸ್ ಮಾರ್ಗವಾಗಿ ಐದಾರು ಕಿಲೋಮೀಟರ್. ಊರಿನಿಂದ ಬಂದ ನೆಂಟರಿಗೆ ಚಾರ್‌ಮಿನಾರ್ ತೋರಿಸಿ ಕಳಿಸುವ ನಾವು, ಮನೆಯ ಹಿತ್ತಲಲ್ಲೇ ಇರುವ ಈ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಸುಮ್ಮನಾಗುವುದೇ ಹೆಚ್ಚು. ಆ ರವಿವಾರ ನಾವು ಐವರು ಹೊರಟೆವು: ಅವ್ವ, ನಮ್ಮ ಮನೆಯಾಕೆ, ಎಂಟನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ, ಮತ್ತು ಬುತ್ತಿಯ ಚೀಲ ಹೊತ್ತ ಈ ಲೇಖನದ ಲೇಖಕ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ.

ಊರೊಳಗೇ ಕೋಟೆ, ಕೋಟೆಯೊಳಗೇ ಊರು ಎಂಬಂತಿದೆ ಗೋಲ್ಕೊಂಡ. ಹೊರಗೋಡೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ಅದರಲ್ಲಿ 87 ಬುರುಜುಗಳು, ಎಂಟು ದರವಾಜೆಗಳು. ಫತೇ ದರವಾಜೆಯ ಬಾಗಿಲಿಗೆ ಬಡಿದಿರುವ ಉಕ್ಕಿನ ಮೊಳೆಗಳು ಆನೆಗಳು ಹಣೆಯಿಂದ ಗುದ್ದಿ ಮುರಿಯದಿರಲೆಂದು. ಅದನ್ನು ದಾಟಿ, ಸಂತೆ ಅಂಗಡಿಗಳ ನಡುವೆ ಸಾಗಿ, ಬಾಲಾ ಹಿಸಾರ್ ದರವಾಜೆಯ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಯಲ್ಲಿ ಕೇಳುತ್ತದೆ. ಇದನ್ನು ಪರೀಕ್ಷಿಸದೆ ಯಾವ ಮಗುವೂ ಮುಂದೆ ಕಾಲಿಡುವುದಿಲ್ಲ. ದೊಡ್ಡವರೂ ಅಷ್ಟೆ.

ಇಲ್ಲಿ ನಮ್ಮ ಕನ್ನಡ ಕುಟುಂಬಗಳಿಗೆ ಒಂದು ಮಾತು ಹೇಳಬೇಕು. ಈ ಕೋಟೆ ನಮಗೆ ಪರರದ್ದಲ್ಲ. ಕಾಕತೀಯರ ಕಾಲದ ಮಣ್ಣಿನ ಕೋಟೆ 1364ರ ಸುಮಾರಿಗೆ ಬಹಮನಿ ಸುಲ್ತಾನರ ವಶವಾಯಿತು. ಬಹಮನಿಗಳ ರಾಜಧಾನಿ ಆಗ ನಮ್ಮ ಕಲಬುರ್ಗಿ, ಆಮೇಲೆ ನಮ್ಮ ಬೀದರ. ಒಂದೂವರೆ ಶತಮಾನದ ಕಾಲ ಗೋಲ್ಕೊಂಡೆಗೆ ಹುಕುಮು ಬರುತ್ತಿದ್ದುದು ಇಂದಿನ ಕರ್ನಾಟಕದ ನೆಲದಿಂದ. ಕುತುಬ್‌ಶಾಹಿ ವಂಶವನ್ನು 1518ರಲ್ಲಿ ನೆಲೆಗೊಳಿಸಿದ ಸುಲ್ತಾನ್ ಕುಲಿ ಪರ್ಷಿಯದ ಹಮದಾನಿನಿಂದ ಹೊಟ್ಟೆಪಾಡಿಗೆ ಬೀದರಿಗೆ ಬಂದು, ಅಲ್ಲಿನ ದರ್ಬಾರಿನಲ್ಲಿ ದುಡಿದು ಮೇಲೇರಿ, ಸುಬೇದಾರನಾಗಿ ಇಲ್ಲಿಗೆ ಬಂದವನು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅವನೂ ಬೀದರಿನಿಂದ ಬಡ್ತಿಯ ಮೇಲೆ ವರ್ಗವಾಗಿ ಬಂದವನೇ. ಬೀದರ ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದವರಲ್ಲಿ ನಾವು ಮೊದಲಿಗರೇನೂ ಅಲ್ಲ.

ಮೇಲಕ್ಕೆ ಮುನ್ನೂರೈವತ್ತಕ್ಕೂ ಮೀರಿದ ಮೆಟ್ಟಿಲುಗಳು. ಎಲ್ಲವೂ ಒಂದೇ ಎತ್ತರವಲ್ಲ. ಅವ್ವ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತು, ಮತ್ತೆ ಏಳುತ್ತಿದ್ದರು. ಇಂಥ ಬಿಡುವಿನಲ್ಲೇ ನೋಡಬೇಕಾದ್ದು ಕಣ್ಣಿಗೆ ಬೀಳುತ್ತದೆ. ಗೋಡೆಯ ಗಾರೆ ಉದುರಿದ ಕಡೆ ತೋಳಿನಷ್ಟು ದಪ್ಪದ ಸುಟ್ಟ ಮಣ್ಣಿನ ಕೊಳವೆಗಳು ಒಂದರ ಬಾಯಿಗೆ ಒಂದು ಸೇರಿಕೊಂಡು ಮೇಲಕ್ಕೆ ಹೋಗಿವೆ. ಮಗ ಕೈಯಿಟ್ಟು ನೋಡಿ, “ಅಪ್ಪಾ, ಇದು ನಮ್ಮ ಬಾತ್‌ರೂಮಿನ ಪೈಪಿನ ಹಂಗೇ ಐತಿ!” ಎಂದ. ಹಾಗೆಯೇ ಇದೆ.

ಕೋಟೆಗೆ ಕುಡಿಯುವ ನೀರು ಬರುತ್ತಿದ್ದುದು ಉತ್ತರಕ್ಕೆ ಐದು ಕಿಲೋಮೀಟರ್ ದೂರದ ದುರ್ಗಂ ಚೆರುವಿನಿಂದ. ಇಂದು ಜನ ಸಂಜೆ ಹೊತ್ತು ತೂಗುಹಗ್ಗದ ಸೇತುವೆಯ ದೀಪ ನೋಡಲು ಹೋಗುತ್ತಾರಲ್ಲ, 2020ರಲ್ಲಿ ಸೇತುವೆ ತೆರೆದ ಅದೇ ಕೆರೆ. ಅಲ್ಲಿಂದ ಕೋಟೆಯ ಬುಡದವರೆಗೆ ನೀರು ಹರಿದು ಬಂದೀತು. ಆದರೆ ಬುಡದಿಂದ ನೆತ್ತಿಗೆ? ಬೆಟ್ಟದ ಎತ್ತರ ಸುಮಾರು 120 ಮೀಟರ್. ಅಷ್ಟು ಎತ್ತರಕ್ಕೆ ಒಂದೇ ಏಟಿಗೆ ನೀರೆತ್ತುವ ಯಂತ್ರ ಆ ಕಾಲದಲ್ಲಿ ಇರಲಿಲ್ಲ. ಆದ್ದರಿಂದ ನೀರನ್ನೂ ಅವ್ವನ ಹಾಗೆಯೇ ಏರಿಸಿದರು: ಅಲ್ಲಲ್ಲಿ ಕೂರಿಸಿ! ಒಂದು ತೊಟ್ಟಿಯಿಂದ ಬಟ್ಟಲುಗಳ ಮಾಲೆ ಕಟ್ಟಿದ ಪರ್ಷಿಯನ್ ರಾಟೆಯಿಂದ ಎತ್ತಿ ಮೇಲಿನ ತೊಟ್ಟಿಗೆ ಸುರಿಯುವುದು. ಅಲ್ಲಿಂದ ಮತ್ತೊಂದು ರಾಟೆ, ಮತ್ತೊಂದು ತೊಟ್ಟಿ. ಮೇಲಿನ ತೊಟ್ಟಿ ತುಂಬಿತೆಂದರೆ ಮಿಕ್ಕ ಕೆಲಸ ಇಳಿಜಾರಿನದು. ಅರಮನೆಯ ಕಾರಂಜಿಗೂ ಸ್ನಾನದ ಮನೆಗೂ ನೀರು ಕೊಳವೆಯಲ್ಲಿ ಇಳಿದು ಹೋಗುತ್ತಿತ್ತು.

ಈ ಏರ್ಪಾಡಿನ ಬೆಲೆ ಗೊತ್ತಾದದ್ದು 1687ರಲ್ಲಿ. ಔರಂಗಜೇಬನ ಸೇನೆ ಸುಮಾರು ಎಂಟು ತಿಂಗಳು ಮುತ್ತಿಗೆ ಹಾಕಿ ಕೂತಿತು. ಫಿರಂಗಿ ಹಾರಿಸಿದರು, ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿದರು. ಸಾಗಲಿಲ್ಲ. ಮಳೆಗಾಲ ಬಂದು ಹೊರಗಿದ್ದ ಮೊಗಲರ ಪಾಳೆಯದಲ್ಲೇ ಕ್ಷಾಮ, ರೋಗ ಹರಡಿದವು. ಕೊನೆಗೆ ಸೆಪ್ಟೆಂಬರಿನ ಒಂದು ರಾತ್ರಿ ಕೋಟೆಯೊಳಗಿನ ಸರದಾರನೊಬ್ಬ ಲಂಚಕ್ಕೆ ಒಲಿದು ಬಾಗಿಲು ತೆರೆದ. ಅಬ್ದುರ್ ರಜಾಕ್ ಲಾರಿ ಎಂಬ ಸ್ವಾಮಿನಿಷ್ಠ ಮೈತುಂಬ ಗಾಯಗೊಳ್ಳುವವರೆಗೂ ಹೋರಾಡಿದ. ಕಡೆಯ ಸುಲ್ತಾನ ಅಬುಲ್ ಹಸನ್ ತಾನಾಶಾಹ ಸೆರೆಯಾಗಿ ದೌಲತಾಬಾದಿಗೆ ಹೋದ. ನೀರು ಕೈಕೊಡಲಿಲ್ಲ, ಕೈಕೊಟ್ಟವನು ಮನುಷ್ಯ.

ಮೇಲೇರುವ ಹಾದಿಯಲ್ಲೇ ರಾಮದಾಸರ ಸೆರೆಮನೆ. ಭದ್ರಾಚಲದಲ್ಲಿ ರಾಮನಿಗೆ ಗುಡಿ ಕಟ್ಟಿಸಿದ ಕಂಚರ್ಲ ಗೋಪಣ್ಣ ತಾನಾಶಾಹನ ತಹಶೀಲದಾರ. ಸರಕಾರಿ ಕಂದಾಯದ ಹಣ ಗುಡಿಗೆ ಹೋಯಿತೆಂದು ಹನ್ನೆರಡು ವರ್ಷ ಇಲ್ಲಿ ಇಟ್ಟಿದ್ದರೆಂದು ಹೇಳುತ್ತಾರೆ. ಭಕ್ತರು ಕೈಮುಗಿಯುವ ಸ್ಥಳವಿದು. ಖಜಾನೆಯ ಲೆಕ್ಕ ಬರೆಯುವ ನಮ್ಮಂಥವರು ಕೈಮುಗಿಯುವುದರ ಜತೆಗೆ ಸ್ವಲ್ಪ ಬೆವರುವುದೂ ಸಹಜ.

ತುದಿಯಲ್ಲಿ ಬಂಡೆಗಳ ನಡುವೆ ಜಗದಂಬೆಯ ಗುಡಿ. ಆಷಾಢದ ಬೋನಾಲು ಹಬ್ಬ ಪ್ರತಿವರ್ಷ ಮೊದಲಾಗುವುದು ಇಲ್ಲಿಂದಲೇ. ಬಾರಾದರಿಯ ಮೇಲೆ ನಿಂತರೆ ನಗರವೆಲ್ಲ ಪಾದದ ಕೆಳಗೆ. ದಕ್ಷಿಣಕ್ಕೆ ಮೂಸಿ ನದಿಯ ಹರಿವು. 1908ರ ಸೆಪ್ಟೆಂಬರ್ 28ರಂದು ಇದೇ ಮೂಸಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ ಸರಕಾರ ಕರೆಸಿದ್ದು ಮುದ್ದೇನಹಳ್ಳಿಯ ನಮ್ಮ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಗಡೆಯಲ್ಲೇ ಪ್ರವಾಹವನ್ನು ಹಿಡಿದು ನಿಲ್ಲಿಸುವ ಜಲಾಶಯಗಳು ಬೇಕೆಂಬುದು ಅವರ ಸಲಹೆ. ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಕೊಲ್ಲಲು ಬಂದ ನೀರು ಕುಡಿಯುವ ನೀರಾಯಿತು. ಮಕ್ಕಳಿಗೆ ಇದನ್ನು ಹೇಳಲು ಗೋಲ್ಕೊಂಡದ ನೆತ್ತಿಗಿಂತ ಒಳ್ಳೆಯ ಶಾಲೆ ಯಾವುದು?

ಇಳಿದು ಬಂದವರು ಕಾಲಲ್ಲಿ ಕಸುವಿದ್ದರೆ ಹತ್ತಿರದಲ್ಲೇ ಇರುವ ಕುತುಬ್‌ಶಾಹಿ ಗೋರಿಗಳ ತೋಟಕ್ಕೂ ಹೋಗಬೇಕು. ಅಲ್ಲಿನ ಬಡೀ ಬಾವಡಿ ಎಂಬ ಮೆಟ್ಟಿಲ ಬಾವಿಯ ಒಂದು ಭಾಗ 2013ರ ಮಳೆಯಲ್ಲಿ ಕುಸಿದಿತ್ತು. ಅದನ್ನು ಎತ್ತಿ ಕಟ್ಟಿ, ಹೂಳು ತೆಗೆದು ಮತ್ತೆ ನೀರು ನಿಲ್ಲುವಂತೆ ಮಾಡಿದ್ದಾರೆ. ಗೋಲ್ಕೊಂಡದ ಮೆಟ್ಟಿಲ ಬಾವಿಗಳ ಈ ಕೆಲಸಕ್ಕೆ 2022ರಲ್ಲಿ ಯುನೆಸ್ಕೋದ ಪ್ರಶಸ್ತಿಯೂ ಬಂತು.

ಬೀದರಿಗೆ ಹೊರಟದ್ದು ಡಿಸೆಂಬರಿನ ಎರಡನೆಯ ಶನಿವಾರ. ಸಂಗಾರೆಡ್ಡಿ, ಜಹೀರಾಬಾದ್ ಮೇಲಿಂದ ಸುಮಾರು 140 ಕಿಲೋಮೀಟರ್. ಜಹೀರಾಬಾದ್ ದಾಟಿದ ಮೇಲೆ ಅಂಗಡಿಯ ಬೋರ್ಡುಗಳಲ್ಲಿ ಕನ್ನಡ ಕಾಣತೊಡಗಿತು. ಮಗಳು ಒಂದೊಂದನ್ನೇ ಓದುತ್ತ ಬಂದಳು. ಮನೆಯಲ್ಲಿ ಕೂತು ಕಾಗುಣಿತ ತಿದ್ದಿಸಿದರೆ ಬಾರದ ಉತ್ಸಾಹ ಬಸ್ಸಿನ ಕಿಟಕಿಯಲ್ಲಿ ಬಂದಿತ್ತು.

ಬೀದರ ಸಮುದ್ರಮಟ್ಟದಿಂದ ಸುಮಾರು ಏಳುನೂರು ಮೀಟರ್ ಎತ್ತರದ ಕೆಂಪು ಹಾಸುನೆಲದ ಮೇಲಿದೆ. ನಾವು ಇಳಿದಾಗ ಬೀದಿ ತುಂಬ ಮಂಜು. ಹತ್ತು ಮಾರು ಆಚೆಗೆ ಏನೂ ಕಾಣದು. “ಮಂಜು ಬಿದ್ದದ!” ಎಂದು ಮಗ ಕುಣಿದ. ಕನ್ನಡದಲ್ಲಿ ಮಂಜು ಎಂದರೆ ಹಿಮವೂ ಹೌದು, ಬೆಳಗಿನ ಕಾವಳವೂ ಹೌದು. ಆಲ್ಪ್ಸಿನ ಚಿತ್ರಕ್ಕೆ ಇದಕ್ಕಿಂತ ಹತ್ತಿರ ನಾವು ಹೋಗಲಾರೆವೆಂದು ಮನೆಯಾಕೆ ನಕ್ಕು ಅವನ ತಲೆಗೆ ಮಫ್ಲರ್ ಸುತ್ತಿದರು.

ಮಂಜು ಕರಗಿದಂತೆ ಕೋಟೆ ಮೂಡಿ ಬಂದಿತು. ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಅಹಮದ್ ಶಾಹ ಬಹಮನಿ 1430ರ ಆಸುಪಾಸಿನಲ್ಲಿ ಕಟ್ಟಿಸಿದ್ದು. ಸುತ್ತಳತೆ ಐದು ಕಿಲೋಮೀಟರಿಗೂ ಮಿಕ್ಕು, 37 ಬುರುಜುಗಳು. ದಕ್ಷಿಣದ ಕಡೆ ಒಂದರ ಹಿಂದೊಂದು ಮೂರು ಕಂದಕ. ಅವು ಕಟ್ಟಿದವಲ್ಲ, ಕೆಂಪುಕಲ್ಲಿನ ನೆಲವನ್ನೇ ಕಡಿದು ತೆಗೆದವು. ನಡುವಿನ ಗೋಡೆಗಳು ಕಡಿಯದೆ ಬಿಟ್ಟ ಬಂಡೆ. ಶರಜಾ ದರವಾಜೆಯ ಮೇಲೆ ಕೆತ್ತಿದ ಹುಲಿಗಳು, ಹದಿನಾರು ಕಂಬಗಳಿಂದ ಹೆಸರು ಪಡೆದ ಸೋಲಾ ಖಂಬ ಮಸೀದಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್ ಎಲ್ಲವನ್ನೂ ಸಾವಕಾಶವಾಗಿ ನೋಡಿದೆವು. ಊರೊಳಗೆ 1472ರಲ್ಲಿ ಮಹಮೂದ್ ಗವಾನ ಕಟ್ಟಿಸಿದ ಮದರಸಾದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಉಳಿದಿವೆ.

ಇನ್ನು ನೀರು. ಇಲ್ಲಿ ಆಲ್ಪ್ಸಿನಂತೆ ಮೇಲೆ ಒರತೆಯಿಲ್ಲ, ಹಾಸುನೆಲವೇ ಅತ್ಯಂತ ಎತ್ತರ. ಬೀದರಿನವರು ಮೇಲೆ ನೋಡಲಿಲ್ಲ, ಕೆಳಗೆ ನೋಡಿದರು. ಕೆಂಪುಕಲ್ಲು ತೂತುತೂತಾದದ್ದು, ಬಿದ್ದ ಮಳೆಯನ್ನು ಕುಡಿದುಬಿಡುತ್ತದೆ. ಅದರಡಿಯ ಗಟ್ಟಿ ಪದರ ನೀರನ್ನು ಕೆಳಗೆ ಬಿಡುವುದಿಲ್ಲ. ಎರಡರ ನಡುವೆ ನಿಂತ ನೀರನ್ನು ಹುಡುಕಿ, ಅತಿ ಸಣ್ಣ ಇಳಿಜಾರಿನ ಸುರಂಗ ತೋಡಿ, ರಾಟೆಯಿಲ್ಲದೆ ಎತ್ತಿಲ್ಲದೆ ಹರಿಸಿಕೊಂಡು ಬರುವ ವಿದ್ಯೆಗೆ ಕರೇಜ್ ಎಂದು ಹೆಸರು. ವಿದ್ಯೆ ಪರ್ಷಿಯದ್ದು. ನಮ್ಮ ಜನ ಅದನ್ನು ಸುರಂಗ ಬಾವಿ ಎಂದರು. ಊರ ಅಂಚಿನ ನೌಬಾದಿನಲ್ಲಿ ಇಂಥ ಕರೇಜ್ ಒಂದಿದೆ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ತೋಡುವವರಿಗೆ ಗಾಳಿ ಬೆಳಕು ಸಿಗಲೆಂದು, ಮುಂದೆ ನೀರು ಸೇದಲೆಂದು, ಮೇಲಿನಿಂದ ಬಾವಿಯಂಥ ಸುಮಾರು ಇಪ್ಪತ್ತು ಕಂಡಿಗಳು. ಬಹುಕಾಲ ಹೂಳು ಕಸ ತುಂಬಿ ಮರೆತುಹೋಗಿದ್ದ ಇದನ್ನು 2015ರ ಆಸುಪಾಸಿನಲ್ಲಿ ಸ್ವಚ್ಛಗೊಳಿಸುವ ಕೆಲಸ ನಡೆಯಿತು.

ಒಂದು ಕಂಡಿಯ ಅಂಚಿನಲ್ಲಿ ಅವ್ವ ಬಹಳ ಹೊತ್ತು ನಿಂತರು. ಅವರ ತವರೂ ನಮ್ಮ ಮೂಲ ಊರೂ ಔರಾದ ತಾಲ್ಲೂಕಿನವು. 1972ರ ಬರದಲ್ಲಿ ಊರ ಬಾವಿಗಳು ಬತ್ತಿ, ದನಗಳಿಗೆ ಮೇವಿಲ್ಲದೆ, ನಮ್ಮ ಮುತ್ಯಾ ಎತ್ತು ಮಾರಿ ಹೈದರಾಬಾದಿಗೆ ಬಂದು ಗೋದಾಮಿನಲ್ಲಿ ಚೀಲ ಹೊತ್ತರು. ನಾವು ಮೆಹದಿಪಟ್ಟಣದವರಾದ ಕತೆ ಇಷ್ಟೇ. ಅವ್ವನೂ ಚಿಕ್ಕವರಿದ್ದಾಗ ಅದೇ ಬರವನ್ನು ಕಂಡವರು. ಕಂಡಿಯೊಳಗೆ ಇಣುಕಿ ನೋಡಿ ಹೇಳಿದರು: “ಭೂಮಿ ಒಳಗ ಇಷ್ಟು ಚಂದ ದಾರಿ ಮಾಡಿ ನೀರು ತರೋದು ಗೊತ್ತಿತ್ತಂದ್ರ, ನಿಮ್ಮ ಮುತ್ಯಾ ಊರು ಯಾಕ ಬಿಡಬೇಕಿತ್ತು?”

ಈ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ, ಹೇಳುವುದು ಮಾತ್ರ ಕಷ್ಟ. ಕರೇಜ್ ತೋಡಿದ್ದು ರಾಜಧಾನಿಗಾಗಿ. ಅರಸ, ದಂಡು, ತೋಟ ಇದ್ದ ಕಡೆಗೆ. ದೂರದ ಹಳ್ಳಿಗೆ ಅಂಥ ವಿದ್ಯೆಯನ್ನು ಯಾರೂ ಒಯ್ಯಲಿಲ್ಲ. ಮತ್ತೆ, ಬಳಸುವವರು ಹೋದ ಮೇಲೆ ರಾಜಧಾನಿಯ ಕರೇಜೂ ಹೂಳಿಗೆ ಬಿತ್ತು. ನೀರಿನ ವಿದ್ಯೆ ಬಂಡೆಯಲ್ಲಿ ಕಡೆದರೆ ಉಳಿಯುವುದಿಲ್ಲ. ವರ್ಷಕ್ಕೊಮ್ಮೆ ಕೆಳಗಿಳಿದು ಹೂಳು ತೆಗೆಯುವವರಿದ್ದರೆ ಮಾತ್ರ ಉಳಿಯುತ್ತದೆ. ನಾವು ಅವ್ವನಿಗೆ ಇಷ್ಟನ್ನು ಹೇಳಿದೆವು. ಅವರು ತಲೆಯಾಡಿಸಿ, “ಹಂಗಾದ್ರ ಈಗರ ತಗೀಬೇಕು” ಎಂದರು.

ಆ ಮಾತು ನಮ್ಮ ಬೆನ್ನು ಬಿಡಲಿಲ್ಲ. ನಮ್ಮದು ಹನ್ನೆರಡು ಮನೆಗಳ ಕಟ್ಟಡ. ಮೇ ತಿಂಗಳು ಬಂತೆಂದರೆ ಟ್ಯಾಂಕರಿಗೆ ಸರದಿ ಬರೆಸುವುದೇ ಒಂದು ಉದ್ಯೋಗ. ಮಳೆನೀರು ಇಂಗಿಸಲೆಂದು ಕಟ್ಟುವಾಗ ತೋಡಿದ ಗುಂಡಿಯೇನೋ ಇದೆ; ಅದರ ಮೇಲೆ ಸ್ಕೂಟರುಗಳು ನಿಂತು ವರ್ಷಗಳಾದವು. ಸ್ಕೂಟರು ಸರಿಸಿ, ಹೂಳು ತೆಗೆಸಿ, ಜಲ್ಲಿ ಬದಲಿಸೋಣವೆಂದು ನೆರೆಯವರಲ್ಲಿ ಮಾತು ಎತ್ತಿದ್ದೇವೆ. ಏಳು ಮನೆಯವರು ಒಪ್ಪಿದ್ದಾರೆ, ನಾಲ್ಕು ಮನೆಯವರು ಯೋಚಿಸುತ್ತಿದ್ದಾರೆ. ಅವ್ವ ದಿನಕ್ಕೊಬ್ಬರ ಮನೆಗೆ ಹೋಗಿ ಬರುತ್ತಿದ್ದಾರೆ. ಆ ನಾಲ್ವರು ಬಹಳ ದಿನ ಯೋಚಿಸಲಾರರು.

ಹೋಗಬಯಸುವವರಿಗೆ ನಾಲ್ಕು ಮಾತು. ಗೋಲ್ಕೊಂಡಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹನ್ನೊಂದರ ನಂತರ ಬಂಡೆ ಕಾಯುತ್ತದೆ. ಮೊಣಕಾಲು ನೋವಿರುವ ಹಿರಿಯರು ಅರ್ಧ ದಾರಿಯಲ್ಲಿ ಕೂತರೂ ನೋಡುವುದಕ್ಕೆ ಬೇಕಾದಷ್ಟಿದೆ. ಬೀದರಿಗೆ ಎರಡು ದಿನ ಇಟ್ಟುಕೊಳ್ಳಿ. ಸಿಹಿನೀರ ಚಿಲುಮೆಯಿರುವ ಗುರುದ್ವಾರ ನಾನಕ್ ಝಿರಾವನ್ನು ಬಿಡಬೇಡಿ. ಗುರುನಾನಕರು ಪಾದುಕೆಯಿಂದ ಕಲ್ಲು ಸರಿಸಿದಾಗ ಚಿಮ್ಮಿದ ನೀರು ಅದೆಂದು ನಂಬಿಕೆ. ಎದೆಮಟ್ಟದ ನೀರಿನ ಸುರಂಗದಲ್ಲಿ ನಡೆದು ದರ್ಶನ ಮಾಡುವ ಝರಣಿ ನರಸಿಂಹನ ಗುಡಿಗೆ ಹೋಗುವುದಾದರೆ, ಒಳಗೆ ಬಿಡುತ್ತಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಗೋಡೆಗಳ ಮೇಲೆ ಮಕ್ಕಳು ಹೆಸರು ಕೆತ್ತದಂತೆ ನೋಡಿಕೊಳ್ಳಿ. ಕಲಬುರ್ಗಿ, ಬೀದರ, ವಿಜಾಪುರ, ಗೋಲ್ಕೊಂಡ ನಾಲ್ಕೂ ಊರುಗಳ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಒಂದೇ ಹೆಸರಿನಡಿ ಸೇರಿವೆ. ನಾವು ಬಿಟ್ಟು ಬಂದ ನಾಡೂ ಬಂದು ಸೇರಿದ ನಗರವೂ ಒಂದೇ ಅರ್ಜಿಯಲ್ಲಿವೆ ಎಂಬುದು ಸಣ್ಣ ಸಮಾಧಾನವೇನಲ್ಲ.

ಕೋಟೆಗೆ ಹೋದಾಗ ಯಾರು ಆಳಿದರು, ಯಾರು ಗೆದ್ದರು ಎಂದು ಬೋರ್ಡು ಹೇಳುತ್ತದೆ. ನೀರು ಎಲ್ಲಿಂದ ಬಂತು ಎಂಬುದನ್ನು ಮಾತ್ರ ನಾವೇ ಹುಡುಕಬೇಕು. ಹಿಮವಿಲ್ಲದ ನಾಡಿನವರಿಗೆ ಕೆರೆ, ಬಾವಿ, ಸುರಂಗಗಳೇ ಹಿಮ. ಮಳೆಗಾಲ ಬರುವ ಮೊದಲು, ನಿಮ್ಮ ಮನೆಯ ಗುಂಡಿಯ ಮೇಲೆ ಏನು ನಿಂತಿದೆ ಎಂದು ಒಮ್ಮೆ ನೋಡಿ.